ದೇವಸ್ಥಾನದ ಹೊರಗೆ ಕಾರ್ಡ್ ಮಷಿನ್ ಹಿಡಿದು ಕೂತವರ ಬಗ್ಗೆ ಜೋಪಾನ

501 ರೂಪಾಯಿ ಹರಕೆ ತೀರಿಸಲು ಹೋಗಿ 5,500 ರೂಪಾಯಿ ಕಳೆದುಕೊಂಡು ಬಂದೆ. ಮುಂಬೈಯಲ್ಲಿರುವ ನಮ್ಮವರು ದಯವಿಟ್ಟು ಇದನ್ನು ಓದಿ.

ನವರಾತ್ರಿಯ ಶುಕ್ರವಾರ. ಕುಂದಾಪುರದಿಂದ ಅತ್ತೆ ಬಂದಿದ್ದರು. ನಮ್ಮ ಮನೆ ಡೊಂಬಿವಲಿಯಲ್ಲಿ. ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲೇ ಇರುವ ಒಂದು ದೇವಿ ಗುಡಿಗೆ ಕರೆದುಕೊಂಡು ಹೋದೆ. ಗುಡಿಯ ಹೆಸರು ಹೇಳುವುದಿಲ್ಲ, ಅವರ ತಪ್ಪೇನೂ ಇಲ್ಲ. ಸಾಲು ರಸ್ತೆವರೆಗೂ ಬಂದಿತ್ತು. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೇಸರಿ ಬಟ್ಟೆ ಹಾಸಿದ ಮೇಜು, ದೇವಿಯ ಫೋಟೋ, ‘ಅನ್ನದಾನ ನಿಧಿ’ ಅಂತ ಮರಾಠಿಯಲ್ಲೂ ಕನ್ನಡದಲ್ಲೂ ಬ್ಯಾನರ್. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡಿದ್ದ ಹುಡುಗ ನಮ್ಮ ಮಾತು ಕೇಳಿ, "ಅಕ್ಕ, ಕುಂದಾಪುರದವ್ರಾ? ನಮ್ದು ಬೈಂದೂರು" ಅಂದ. ಅಷ್ಟೇ ಸಾಕಾಯಿತು. ಇಲ್ಲಿ ಊರ ಕನ್ನಡ ಕಿವಿಗೆ ಬಿದ್ದರೆ ನಾವು ಅರ್ಧ ಕರಗಿಬಿಡುತ್ತೇವೆ, ಅಲ್ವಾ?

ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ಕಾರ್ಡ್ ತೆಗೆದೆ. ಅವನು ಮಷಿನ್ನಿನ ಪರದೆ ತನ್ನ ಕಡೆ ತಿರುಗಿಸಿಕೊಂಡು, ಹಿಂಭಾಗ ಮಾತ್ರ ನನ್ನತ್ತ ಚಾಚಿದ. ಕಾರ್ಡ್ ಮುಟ್ಟಿಸಿದೆ, ಬೀಪ್ ಅಂತು. "ಹೋಗ್ಲಿಲ್ಲ ಅಕ್ಕ, ನೆಟ್‌ವರ್ಕ್ ಇಲ್ಲ, ಇನ್ನೊಮ್ಮೆ" ಅಂದ. ಇನ್ನೊಮ್ಮೆ ಮುಟ್ಟಿಸಿದೆ. ಸ್ಲಿಪ್ ಕೇಳಿದರೆ ಪೇಪರ್ ರೋಲ್ ಮುಗಿದಿದೆ ಅಂತ, ಪುಸ್ತಕದಿಂದ 501ರ ರಸೀದಿ ಹರಿದು ಕೊಟ್ಟ. ತರಕಾರಿ ಅಂಗಡಿಯಲ್ಲಿ ಹತ್ತು ರೂಪಾಯಿಗೂ ಲೆಕ್ಕ ಕೇಳುವವಳು ನಾನು. ಅಲ್ಲಿ ಮಾತ್ರ "ಎಷ್ಟು ಒತ್ತಿದೆಯಪ್ಪಾ, ತೋರಿಸು" ಅನ್ನಲು ನಾಚಿಕೆಯಾಯಿತು.

ಗುಡಿಯೊಳಗೆ ಅಂತ ಫೋನ್ ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿದ್ದೆ. ವಾಪಸ್ ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ತೆಗೆದು ನೋಡಿದರೆ ಎರಡು ಮೆಸೇಜು. ಒಂದು 501. ಇನ್ನೊಂದು 4,999. ಹಣ ಹೋದದ್ದು ಯಾವುದೋ ಟ್ರೇಡರ್ಸ್ ಹೆಸರಿಗೆ.

ಆ 4,999 ಸುಮ್ನೆ ಒತ್ತಿದ್ದಲ್ಲ. ಪಿನ್ ಇಲ್ಲದೆ ಕಾರ್ಡ್ ಮುಟ್ಟಿಸಿ ಕೊಡುವ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 2,000ದಿಂದ 5,000ಕ್ಕೆ ಏರಿಸಿದೆ. ಅದಕ್ಕಿಂತ ಜಾಸ್ತಿ ಒತ್ತಿದ್ದರೆ ಪಿನ್ ಕೇಳುತ್ತಿತ್ತು, ನನಗೂ ಎಚ್ಚರವಾಗುತ್ತಿತ್ತು. ಒಂದು ರೂಪಾಯಿ ಕಮ್ಮಿ ಇಟ್ಟಿದ್ದಾನೆ, ಕಿಲಾಡಿ.

ಅಲ್ಲಿಂದಲೇ ಓಡಿದೆ. ಮೇಜೂ ಇಲ್ಲ, ಬೈಂದೂರೂ ಇಲ್ಲ. ಗುಡಿಯ ಆಫೀಸಿನಲ್ಲಿ ಲೆಕ್ಕ ಬರೆಯುವ ಹಿರಿಯರು ನನ್ನ ರಸೀದಿಯನ್ನು ತಿರುಗಿಸಿ ನೋಡಿದರು. ಟ್ರಸ್ಟಿನ ನೋಂದಣಿ ನಂಬರೇ ಇರಲಿಲ್ಲ. "ನಮ್ಮ ಮಷಿನ್ ಒಳಗೆ ಸೇವಾ ಕೌಂಟರಿನಲ್ಲಿ ಮಾತ್ರ ಇರೋದಮ್ಮ, ಸ್ಲಿಪ್ಪಿನ ತಲೆಯಲ್ಲೇ ಟ್ರಸ್ಟ್ ಹೆಸರು ಬರ್ತದೆ" ಅಂದರು. ಮಷಿನ್ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರ ಖಾತೆಗೇ ದುಡ್ಡು ಹೋಗುತ್ತದೆ. ಮೇಜಿನ ಮೇಲೆ ಯಾವ ದೇವರ ಫೋಟೋ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಕ್ಯೂಆರ್ ಕೋಡ್ ಕಥೆಯೂ ಇದೇ. ಆದರೆ ಅಲ್ಲಿ ಕೊನೇಪಕ್ಷ ಹೆಸರು ನಮ್ಮ ಫೋನಿನಲ್ಲೇ ಕಾಣುತ್ತದೆ, ಮೊತ್ತ ನಾವೇ ಒತ್ತುತ್ತೇವೆ.

ರಾತ್ರಿಯೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂಬ 2017ರ ನಿಯಮ ಓದಿದ್ದೆ, ಧೈರ್ಯವಾಗಿದ್ದೆ. ಆದರೆ ಬ್ಯಾಂಕಿನವರ ವಾದ ಬೇರೆ. ಕಾರ್ಡ್ ಕದ್ದಿಲ್ಲ, ನೀವೇ ನಿಂತು ಮುಟ್ಟಿಸಿದ್ದೀರಿ, ಮೊತ್ತ ತಪ್ಪು ಅನ್ನಲು ಸ್ಲಿಪ್ ಎಲ್ಲಿ? ಐದು ವಾರದ ನಂತರ ದೂರು ಮುಚ್ಚಿದರು. ಪೊಲೀಸ್ ದೂರು ಇನ್ನೂ ಹಾಗೇ ಇದೆ.

ಈಗ ಬ್ಯಾಂಕ್ ಆ್ಯಪಿನಲ್ಲಿ ಕಾಂಟ್ಯಾಕ್ಟ್‌ಲೆಸ್, ಅಂದರೆ ಈ ಮುಟ್ಟಿಸಿ ಕೊಡುವ ಸೌಲಭ್ಯ, ಆಫ್ ಮಾಡಿಟ್ಟಿದ್ದೇನೆ. ಕಾರ್ಡ್ ಸೆಟ್ಟಿಂಗಿನಲ್ಲಿ ಹುಡುಕಿದರೆ ಸಿಗುತ್ತದೆ, ಎರಡು ನಿಮಿಷದ ಕೆಲಸ. ಮಷಿನ್ ಪರದೆ ನನ್ನ ಕಡೆ ತಿರುಗಿಸದೆ ಕಾರ್ಡ್ ಹೊರಗೇ ತೆಗೆಯುವುದಿಲ್ಲ. "ಹೋಗಿಲ್ಲ" ಅಂದರೆ ಮೊದಲು ಫೋನ್ ನೋಡುತ್ತೇನೆ, ಹಿಂದಿನವರು ಎಷ್ಟೇ ಗೊಣಗಲಿ.

ಅವತ್ತು ಟ್ರೇನಿನಲ್ಲಿ ಅತ್ತೆ ದುಡ್ಡಿನ ಸುದ್ದಿಯೇ ಎತ್ತಲಿಲ್ಲ. ಥಾಣೆ ರೈಲು ನಿಲ್ದಾಣ ದಾಟಿದ ಮೇಲೆ ಮೆಲ್ಲಗೆ ಕೇಳಿದರು, "ಹಂಗಾರೆ ಹರಕೆ ಸಂದ ಹಾಗಾಯ್ತಾ, ಇಲ್ವಾ?" ಮುಂದಿನ ಮಂಗಳವಾರ ಒಬ್ಬಳೇ ಹೋಗಿ, ಐನೂರರ ನೋಟಿನಲ್ಲಿ ಒಂದು ರೂಪಾಯಿ ನಾಣ್ಯ ಸುತ್ತಿ ಹುಂಡಿಗೆ ಹಾಕಿ ಬಂದೆ.