ಜೂನ್‌ನಲ್ಲಿ ಆಲ್ಪ್ಸ್ ಟ್ರೈಲ್ ರನ್ ಪ್ಯಾಕೇಜ್ ಬುಕ್ ಮಾಡುವ ಮೊದಲು ಇದನ್ನು ಓದಿ

ಬೆಂಗಳೂರಿನ ಓಟದ ಗುಂಪುಗಳಲ್ಲಿ ಈಗ 'ಸೆಲ್ಫ್ ಗೈಡೆಡ್' ಆಲ್ಪ್ಸ್ ಟ್ರೈಲ್ ರನ್ (ಬೆಟ್ಟದ ಕಾಲುದಾರಿಯಲ್ಲಿ ಓಡುವ) ಪ್ಯಾಕೇಜ್‌ಗಳ ಜಾಹೀರಾತು ಜಾಸ್ತಿಯಾಗಿದೆ. ರೂಮು ಅವರೇ ಬುಕ್ ಮಾಡುತ್ತಾರೆ, ವಾಚಿಗೆ ಹಾಕಿಕೊಳ್ಳಲು ದಾರಿಯ ಫೈಲ್ ಕೊಡುತ್ತಾರೆ, ಒಂದು ಸಹಾಯವಾಣಿ ನಂಬರ್ ಕೊಡುತ್ತಾರೆ. ಗೈಡ್ ಮಾತ್ರ ಇರುವುದಿಲ್ಲ. ಇಂಥದ್ದೊಂದು ಪ್ಯಾಕೇಜ್ ತಗೊಂಡು ನಾನು ಮತ್ತು ನನ್ನ ಭಾವ ಕಳೆದ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದೆವು. ಭಾವನ ಮಣಿಕಟ್ಟಿನಲ್ಲಿ ಈಗ ಪ್ಲೇಟ್ ಕೂತಿದೆ, ಹೆಲಿಕಾಪ್ಟರ್ ಬಿಲ್ಲು ನಮ್ಮ ತಲೆ ಮೇಲೆ ಕೂತಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಒಳ್ಳೆಯವು ಅಂದುಕೊಳ್ಳುತ್ತೀರಿ, ಅಲ್ವಾ?

ನಮಗೆ ಕೊಟ್ಟಿದ್ದ ಲೂಪ್ ವಾಲೆ ಪ್ರಾಂತ್ಯದ್ದು. ಶಾಂಪೆ ಎಂಬ ಸರೋವರದ ಊರಿನಿಂದ ಹೊರಟು ಆರ್ಪೆತ್ ಕಣಿವೆ ಹಿಡಿದು ಮೇಲೇರಬೇಕು. ಫೆನೆತ್ರ್ ದಾರ್ಪೆತ್ ಎಂಬ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಸಂದಿ) ದಾಟಿ, ಟ್ರಿಯಾಂ ಹಿಮನದಿಯ ಪಕ್ಕದಲ್ಲೇ ಇಳಿಯಬೇಕು. ಆಮೇಲೆ ಹಳೆಯ ನೀರಿನ ಕಾಲುವೆ ಪಕ್ಕದ ಸಮತಟ್ಟು ದಾರಿಯಲ್ಲಿ ಫೋರ್ಕ್ಲಾ. ಅಲ್ಲಿಂದ ಬೋವೀನ್ ಹುಲ್ಲುಗಾವಲು ಹತ್ತಿ ಮತ್ತೆ ಶಾಂಪೆಗೆ. ಮಾಂಟ್ ಬ್ಲಾಂಕ್ ಸುತ್ತುವ ಚಾರಣ ದಾರಿಯಲ್ಲಿ ಶಾಂಪೆ ಮತ್ತು ಟ್ರಿಯಾಂ ನಡುವೆ ಇರುವ ಎರಡು ಪರ್ಯಾಯ ದಾರಿಗಳನ್ನು ಸೇರಿಸಿದರೆ ಈ ಲೂಪ್ ಆಗುತ್ತದೆ. ಸುಮಾರು 30 ಕಿ.ಮೀ., ಏರು ಹತ್ತಿರ ಹತ್ತಿರ 2000 ಮೀಟರ್.

ಎತ್ತರದ ಅಂದಾಜು ಬೇಕಾದರೆ ಹೀಗೆ ನೋಡಿ. ಶಾಂಪೆ ಇರುವುದೇ 1466 ಮೀಟರ್‌ನಲ್ಲಿ, ಅಂದರೆ ನಂದಿಬೆಟ್ಟದ ತುದಿಯ ಆಸುಪಾಸು. ಪಾಸ್ ಇರುವುದು 2665 ಮೀಟರ್‌ನಲ್ಲಿ, ಊಟಿಯ ದೊಡ್ಡಬೆಟ್ಟಕ್ಕಿಂತ ಸ್ವಲ್ಪ ಮೇಲೆ. ನಾವಿಬ್ಬರೂ ಕುಮಾರಪರ್ವತ ಓಡಿ ಇಳಿದವರು, ಹತ್ತುವುದು ನಮಗೆ ಹೊಸದಲ್ಲ. ಆದರೆ ನಮ್ಮ ಕಡೆ ಯಾವ ಬೆಟ್ಟದಲ್ಲೂ ಕಲಿಯಲಾಗದ ಒಂದು ವಿಷಯ ಅಲ್ಲಿತ್ತು. ಅದು ಹಿಮ.

ಹೊರಡುವ ಹಿಂದಿನ ಸಂಜೆ ಕಂಪನಿಗೆ ಫೋನ್ ಮಾಡಿ ಸ್ಪಷ್ಟವಾಗಿ ಕೇಳಿದೆ: ಪಾಸ್‌ನಲ್ಲಿ ಹಿಮ ಇದೆಯಾ? "ಅಲ್ಲಲ್ಲಿ ಸಣ್ಣ ಪ್ಯಾಚ್ ಇರುತ್ತೆ, ಪಕ್ಕದಲ್ಲಿ ಹಾದು ಹೋಗಬಹುದು" ಅಂದರು. ಮಧ್ಯಾಹ್ನ ಗುಡುಗು ಮಳೆ ಬರಬಹುದು, ಬೆಳಿಗ್ಗೆ ಬೇಗ ಹೊರಡಿ ಅಂತಲೂ ಅಂದರು. ಎರಡನೇ ಮಾತು ಹಿಮ ಕರಗಿದ ತಿಂಗಳುಗಳಲ್ಲಿ ಸರಿಯಾದದ್ದೇ. ಆದರೆ ಜೂನ್‌ನಲ್ಲಿ ಅದೇ ಉಲ್ಟಾ ಹೊಡೆಯುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಬೆಳಿಗ್ಗೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಬಿಸಿಲೇರಿದ ಮೇಲೆ ಹೋದರೆ ತೊಡೆತನಕ ಹೂತುಹೋಗುತ್ತೀರಿ. ಬಂಡೆಗಳ ಸುತ್ತ ಹಿಮ ಒಳಗಿಂದಲೇ ಕರಗಿ ಟೊಳ್ಳಾಗಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹೊತ್ತು ಬದಲಿಸಿದರೆ ತಪ್ಪಿಸಿಕೊಳ್ಳಬಹುದು ಅನ್ನುವ ಮಾತೇ ಇಲ್ಲ. ಈ ಪಾಸ್‌ನ ಮೇಲಿನ ಇಳಿಜಾರಿನಲ್ಲಿ ಜುಲೈ ಶುರುವಿನವರೆಗೂ ಹಿಮ ಉಳಿಯುವುದು ಮಾಮೂಲು.

ಕಣಿವೆಯ ಕೆಳಭಾಗ ಚೆನ್ನಾಗಿಯೇ ಇತ್ತು. ಕಾಡು, ಹೊಳೆ, ಹುಲ್ಲು. ಆಮೇಲೆ ದೊಡ್ಡ ಬಂಡೆಗಳ ರಾಶಿ, ಅರ್ಧ ಹಿಮದಡಿ ಮುಚ್ಚಿತ್ತು. ಬಿಳಿ-ಕೆಂಪು-ಬಿಳಿ ಗುರುತುಗಳನ್ನು ಬಂಡೆಗಳ ಮೇಲೆಯೇ ಬಳಿದಿರುವುದರಿಂದ ಹಿಮ ಮುಚ್ಚಿದ ಕಡೆ ದಾರಿಯೇ ಇಲ್ಲ. ವಾಚು ಮಾತ್ರ "ನೇರ ಮೇಲೆ" ಅನ್ನುತ್ತಿತ್ತು. ಕೊನೆಯ ಏರು ಶುರುವಾಗುವಲ್ಲಿ ಇಳಿಜಾರು ಪೂರ್ತಿ ಬಿಳಿ. ನಾನು ಶೂ ಅಂಚಿನಿಂದ ಜೋರಾಗಿ ಒದ್ದು ನೋಡಿದೆ. ಉಗುರಲ್ಲಿ ಗೀಚಿದಷ್ಟು ಗೆರೆ ಬಿತ್ತು, ಅಷ್ಟೆ. ಟ್ರೈಲ್ ಶೂ ತಳದ ರಬ್ಬರ್ ಗುಬ್ಬಿಗಳು ಕೆಸರಿಗೆ, ಕಲ್ಲಿಗೆ ಸರಿ. ಶೂ ಮೆತ್ತಗೆ ಬಾಗುವುದರಿಂದ ಗಟ್ಟಿ ಹಿಮದಲ್ಲಿ ಅದರಿಂದ ಮೆಟ್ಟಿಲು ಕೆತ್ತಲು ಆಗುವುದಿಲ್ಲ.

"ಭಾವ, ಇದು ಪ್ಯಾಚ್ ಅಲ್ಲ. ಇಡೀ ಇಳಿಜಾರೇ ಹಿಮ. ವಾಪಸ್ ಹೋಗೋಣ, ನೀವು ಅಲ್ಲೇ ನಿಂತ್ಕೊಳ್ಳಿ."

"ಹೂಂ ಕಣೋ, ಸಾಕು. ತಿರುಗು, ನಿಧಾನ."

ತಿರುಗುವಾಗಲೇ ಅವರ ಕಾಲು ಜಾರಿತು. ಕೈಯಲ್ಲಿ ಕೋಲುಗಳಿದ್ದವು, ಆದರೆ ಜಾರಿಕೆ ನಿಲ್ಲಿಸಲು ಅವು ಉಪಯೋಗಕ್ಕೆ ಬರಲಿಲ್ಲ. ಅದಕ್ಕೆ ಐಸ್ ಆಕ್ಸ್ (ಹಿಮಕ್ಕೆ ಚುಚ್ಚಿ ಹಿಡಿಯುವ ಸಣ್ಣ ಕೊಡಲಿ) ಬೇಕು, ಅದನ್ನು ಬಳಸುವ ಅಭ್ಯಾಸವೂ ಬೇಕು. ಕೆಳಗಿನ ಬಂಡೆಗಳಿಗೆ ಬಡಿದು ನಿಂತರು. ನಾನು ಕೂತು, ತೆವಳಿ, ಅವರ ಹತ್ತಿರ ಸೇರುವಷ್ಟರಲ್ಲಿ ಕೈಯನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಹಣೆಯಲ್ಲಿ ರಕ್ತ. "ಕೈ ಹೋಯ್ತು ಕಣೋ. ನಿಮ್ಮಕ್ಕಂಗೆ ಈಗಲೇ ಹೇಳಬೇಡ" ಅಂದರು.

ಸಹಾಯವಾಣಿಗೆ ಫೋನ್ ಮಾಡಿದೆ. '24 ಗಂಟೆ' ಎಂದು ವೋಚರ್‌ನಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಕಚೇರಿ ಒಂಬತ್ತಕ್ಕೆ ತೆರೆಯುತ್ತದೆ ಅನ್ನುವ ರೆಕಾರ್ಡಿಂಗ್ ಕೇಳಿಸಿತು.

ಈ ಭಾಗ ಬೇಕಾದರೆ ಫೋನಿನಲ್ಲಿ ಉಳಿಸಿಕೊಳ್ಳಿ. ವಾಲೆಯಲ್ಲಿ ಬೆಟ್ಟದ ಅಪಘಾತಕ್ಕೆ ನೇರ 144ಕ್ಕೆ ಫೋನ್ ಮಾಡಬೇಕು. ಅದು ಮರೆತರೆ 112 ಕೂಡ ನಡೆಯುತ್ತದೆ. ನನಗೆ ಅದೃಷ್ಟಕ್ಕೆ ಸಿಗ್ನಲ್ ಇತ್ತು. ಎಲ್ಲಿದ್ದೀರಿ, ಎಷ್ಟು ಜನಕ್ಕೆ ಪೆಟ್ಟಾಗಿದೆ, ಪ್ರಜ್ಞೆ ಇದೆಯಾ, ಗಾಳಿ ಹೇಗಿದೆ, ಹತ್ತಿರ ತಂತಿ ಗಿಂತಿ ಇದೆಯಾ ಅಂತ ಕೇಳಿದರು. ವಾಚಿನ ಅಕ್ಷಾಂಶ-ರೇಖಾಂಶ ಓದಿ ಹೇಳಿದೆ. ಹೆಲಿಕಾಪ್ಟರ್ ಕಂಡಾಗ ಎರಡೂ ಕೈ ಮೇಲೆತ್ತಿ ನಿಲ್ಲಬೇಕು, ಅಂದರೆ ಸಹಾಯ ಬೇಕು ಅಂತ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇದ್ದರೆ ಬೇಡ ಅಂತ. ಆದ್ದರಿಂದ ಸುಮ್ನೆ ಖುಷಿಗೆ ಒಂದು ಕೈ ಬೀಸಬೇಡಿ. ಹತ್ತಿರ ಬರುವ ಮುಂಚೆ ಜಾಕೆಟ್, ಬ್ಯಾಗು, ಫಾಯಿಲ್ ಹೊದಿಕೆ ಎಲ್ಲ ಬಿಗಿಯಾಗಿ ಹಿಡಿದುಕೊಳ್ಳಿ, ಆ ಗಾಳಿಗೆ ಏನೂ ನಿಲ್ಲುವುದಿಲ್ಲ. ಬಂದವರು ಬಹಳ ಒಳ್ಳೆಯವರು, ಒಂದು ಗದರಿಕೆಯ ಮಾತೂ ಆಡಲಿಲ್ಲ. ಭಾವನನ್ನು ಸಿಯೋನ್ ಆಸ್ಪತ್ರೆಗೆ ಕರೆದೊಯ್ದರು.

ಮಾರನೇ ದಿನ ಲಾಡ್ಜ್ ನಡೆಸುವ ಅಮ್ಮ ನಮ್ಮ ದಾರಿಯ ಪಿಡಿಎಫ್ ನೋಡಿ ತಲೆ ಅಲ್ಲಾಡಿಸಿದರು. ಇಲ್ಲಿಯವರು ಜೂನ್‌ನಲ್ಲಿ ಆ ಪಾಸ್ ಕಡೆ ಓಡಲು ಹೋಗುವುದಿಲ್ಲ, ಬೋವೀನ್ ಕಡೆ ಹೋಗಿ ಬರುತ್ತಾರೆ ಅಂದರು. ಬೋವೀನ್ ಕಡೆಯ ದಾರಿ ಎಲ್ಲೂ 2100 ಮೀಟರ್ ಮುಟ್ಟುವುದಿಲ್ಲ, ಬೇಗ ಹಿಮ ಬಿಡುತ್ತದೆ. ಕಂಪನಿ ಇದನ್ನು ಹೇಳಿದ್ದರೆ ನಾವು ಅದನ್ನೇ ಖುಷಿಯಾಗಿ ಓಡಿ ಬರುತ್ತಿದ್ದೆವು.

ಆಮೇಲೆ ಆಸ್ಪತ್ರೆಯಲ್ಲಿ ಕೂತು ಕಂಪನಿಯವರು ವಾಚಿಗೆ ಕೊಟ್ಟ ದಾರಿಯ ಫೈಲನ್ನು (ಜಿಪಿಎಕ್ಸ್) ಲ್ಯಾಪ್‌ಟಾಪ್‌ನಲ್ಲಿ ಬರೀ ಅಕ್ಷರವಾಗಿ ತೆರೆದೆ. ಓಡಿ ರೆಕಾರ್ಡ್ ಮಾಡಿದ ಫೈಲ್ ಆದರೆ ಅದರಲ್ಲಿ ಸಾಮಾನ್ಯವಾಗಿ ಪ್ರತಿ ಬಿಂದುವಿಗೂ ತಾರೀಕು, ಹೊತ್ತು ಇರುತ್ತದೆ. ನಮ್ಮದರಲ್ಲಿ ಇತ್ತು. ಯಾವುದೋ ಹಳೇ ವರ್ಷದ ಆಗಸ್ಟ್ ತಿಂಗಳು! ಮೊದಲ ಬಿಂದುವಿಗೂ ಕೊನೆಯದಕ್ಕೂ ಹತ್ತಿರ ಹತ್ತು ಗಂಟೆ ವ್ಯತ್ಯಾಸ. ಪಿಡಿಎಫ್‌ನಲ್ಲಿ ಮಾತ್ರ "6ರಿಂದ 7 ಗಂಟೆ, ಮಧ್ಯಮ" ಅಂತ ಬರೆದಿದ್ದರು. ಹಿಮವೇ ಇಲ್ಲದ ತಿಂಗಳಲ್ಲಿ ಯಾರೋ ಹತ್ತು ಗಂಟೆ ತಗೊಂಡ ದಾರಿಯನ್ನು ಜೂನ್‌ನಲ್ಲಿ ಆರು ಗಂಟೆಯದು ಅಂತ ಮಾರಿದ್ದರು. ಜಾಹೀರಾತಿನಲ್ಲಿ 'ಯುಟಿಎಂಬಿ ಓಟಗಾರರ ದಾರಿ' ಅಂತ ಬೇರೆ. ಯುಟಿಎಂಬಿ ಅಂದರೆ ಮಾಂಟ್ ಬ್ಲಾಂಕ್ ಸುತ್ತುವ ಹೆಸರಾಂತ ದೂರದ ಓಟ. ಆ ಓಟ ಶಾಂಪೆಯಿಂದ ಟ್ರಿಯಾಂಗೆ ಹೋಗುವುದು ನಿಜ, ಆದರೆ ಈ ಪಾಸ್ ಹತ್ತುವುದಿಲ್ಲ. ಅದು ನಡೆಯುವುದೂ ಆಗಸ್ಟ್ ಕೊನೆಯಲ್ಲಿ.

ಹಾಗಾಗಿ ಯಾವ ಕಂಪನಿ ಫೈಲ್ ಕೊಟ್ಟರೂ ಮೊದಲು ತಾರೀಕು ನೋಡಿ. ಸ್ವಿಸ್ ಹಳದಿ ಫಲಕಗಳಲ್ಲಿರುವ ನಡಿಗೆಯ ಹೊತ್ತಿನ ಜೊತೆ ಹೋಲಿಸಿ. ಅವು ಸಮತಟ್ಟಿನಲ್ಲಿ ಗಂಟೆಗೆ 4.2 ಕಿ.ಮೀ. ಲೆಕ್ಕದವು, ವಿಶ್ರಾಂತಿ ಸೇರಿರುವುದಿಲ್ಲ. ಹಿಮದ ಸ್ಥಿತಿ ಕೇಳಬೇಕಾದ್ದು ಪ್ಯಾಕೇಜ್ ಮಾರುವವರನ್ನಲ್ಲ, ಆ ದಾರಿಯಲ್ಲೇ ಇರುವ ತಂಗುಮನೆಯವರನ್ನು. ಕಂಪನಿಯನ್ನು ಕೇಳುವುದಿದ್ದರೆ ಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ "ಸಣ್ಣ ಪ್ಯಾಚ್" ಅಂದವರು ಈಗ ಅಂಥ ಮಾತೇ ಆಡಿಲ್ಲ ಅನ್ನುತ್ತಿದ್ದಾರೆ. ಲೂಪ್ ಅರ್ಧಕ್ಕೆ ಬಿಟ್ಟಿದ್ದಕ್ಕೆ ದುಡ್ಡು ವಾಪಸ್ ಇಲ್ಲ, ಮುಂದಿನ ಬುಕಿಂಗ್‌ಗೆ ಡಿಸ್ಕೌಂಟ್ ಕೊಡುತ್ತಾರಂತೆ. ಭಾವ ಆ ಮೇಲ್ ಓದಿ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನು ವಿಮೆ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಬೇಕೇ ಬೇಕು, ನಮ್ಮ ಹತ್ತಿರ ಇತ್ತು. ಆದರೆ ಅದರಲ್ಲಿ 'ಸಾಹಸ ಕ್ರೀಡೆ' ಹೊರಗೆ. ಬೆಟ್ಟದ ದಾರಿಯಲ್ಲಿ ಓಡುವುದು ಸಾಹಸ ಕ್ರೀಡೆಯಾ? ವಿಮೆಯವರು ಪ್ಯಾಕೇಜ್ ಇನ್‌ವಾಯ್ಸ್ ತೋರಿಸಿದರು. ಅದರ ಮೇಲೆ ಕಂಪನಿಯೇ ದಪ್ಪಕ್ಷರದಲ್ಲಿ 'ಆಲ್ಪೈನ್ ಅಡ್ವೆಂಚರ್' ಅಂತ ಅಚ್ಚು ಹಾಕಿತ್ತು. ಕ್ಲೇಮ್ ತಿರಸ್ಕಾರ. ಹೆಲಿಕಾಪ್ಟರ್ ಖರ್ಚು ಸಾವಿರಾರು ಫ್ರಾಂಕ್, ಆಪರೇಷನ್ ಬೇರೆ. ಹೋಗುವವರು ಪಾಲಿಸಿಯಲ್ಲಿ ಟ್ರೈಲ್ ರನ್ನಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಹೆಸರು ಹೇಳಿ ಸೇರಿವೆಯಾ ಅಂತ ಬರಹದಲ್ಲಿ ತರಿಸಿಕೊಳ್ಳಿ. ಆಸ್ಟ್ರಿಯಾದ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವದ ಜೊತೆ ರಕ್ಷಣಾ ವೆಚ್ಚದ ವಿಮೆ ಬರುತ್ತದೆ, ಅದನ್ನೂ ವಿಚಾರಿಸಿ.

ನಾವೀಗ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆ ತಕರಾರು ವಿಚಾರಿಸುವ ಅಧಿಕಾರಿ) ಕಚೇರಿಗೆ ದೂರು ಕೊಡುತ್ತಿದ್ದೇವೆ. ಮೊದಲು ವಿಮಾ ಕಂಪನಿಗೇ ಬರಹದಲ್ಲಿ ದೂರು ಕೊಟ್ಟಿರಬೇಕು, ಒಂದು ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ತಿರಸ್ಕರಿಸಿದರೆ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. ಇಂಥದ್ದೇ 'ಸಾಹಸ ಕ್ರೀಡೆ' ತಕರಾರಿನಲ್ಲಿ ಯಾರಾದರೂ ಗೆದ್ದಿದ್ದರೆ ದಯವಿಟ್ಟು ತಿಳಿಸಿ. ಯಾವ ದಾಖಲೆ ಕೊಟ್ಟಿರಿ ಅನ್ನುವುದನ್ನೂ ಬರೆಯಿರಿ.