ಅಮೆರಿಕದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ: ಸಿಇಪಿ ವ್ಯವಸ್ಥೆಯ ವಿಮರ್ಶೆ

ನಿಮ್ಮ ಮಗು ಓದುವ ಶಾಲಾ ಡಿಸ್ಟ್ರಿಕ್ಟ್ ಎಲ್ಲರಿಗೂ ಉಚಿತ ಊಟ ಕೊಡಬೇಕೋ ಬೇಡವೋ ಎಂಬ ಚರ್ಚೆ ಸ್ಕೂಲ್ ಬೋರ್ಡ್ ಮುಂದೆ ಬಂದಿದೆ ಅಂದುಕೊಳ್ಳಿ. ಹೆಚ್ಚಿನ ಕಡೆ ಆ ಚರ್ಚೆಯ ಹಿಂದೆ ಇರುವುದು ಸಿಇಪಿ, ಅಂದರೆ ಕಮ್ಯುನಿಟಿ ಎಲಿಜಿಬಿಲಿಟಿ ಪ್ರಾವಿಷನ್. 2010ರ ಕಾನೂನಿನಿಂದ ಹುಟ್ಟಿ, 2014ರಿಂದ ದೇಶದ ಎಲ್ಲ ರಾಜ್ಯಗಳಿಗೂ ತೆರೆದುಕೊಂಡ ಯೋಜನೆ ಇದು. ಇದಕ್ಕೆ ಸೇರಿದ ಶಾಲೆ ಯಾವ ಮನೆಯಿಂದಲೂ ಊಟದ ಅರ್ಜಿ ಕೇಳುವುದಿಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಎಲ್ಲರಿಗೂ ಪುಕ್ಕಟೆ ಕೊಡಬೇಕು. ಕೇಂದ್ರದಿಂದ ಬರುವ ಹಣ ಸಾಲದಿದ್ದರೆ ಉಳಿದದ್ದನ್ನು ಕೇಂದ್ರದ್ದಲ್ಲದ ಬೇರೆ ಹಣದಿಂದ ಡಿಸ್ಟ್ರಿಕ್ಟೇ ತುಂಬಬೇಕು.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸೇವೆ ಒಳ್ಳೆಯದು, ಮಕ್ಕಳಿಗೆ ಬೇಕಾದದ್ದು. ಆದರೆ ಕೇಂದ್ರದ ಹಣವೊಂದರಲ್ಲೇ ಅದು ನಿಲ್ಲಬೇಕಾದರೆ ಶಾಲೆಯ ಐಎಸ್‌ಪಿ (ಅರ್ಹರೆಂದು ಗುರುತಾದ ಮಕ್ಕಳ ಪ್ರಮಾಣ) ಶೇ 50ರ ಆಸುಪಾಸು ಇರಬೇಕು. ಅದಕ್ಕಿಂತ ಕೆಳಗಿದ್ದರೆ ರಾಜ್ಯದ ಅಥವಾ ಊರಿನ ಹಣದ ಭರವಸೆ ಇಲ್ಲದೆ ಕೈಹಾಕುವುದು ಸರಿಯಲ್ಲ.

ಐಎಸ್‌ಪಿ ಅಂದರೆ ಅರ್ಜಿಯಿಲ್ಲದೆಯೇ ಅರ್ಹರೆಂದು ಗುರುತಾದ ಮಕ್ಕಳ ಪ್ರಮಾಣ. ಸ್ನ್ಯಾಪ್ ಎಂಬ ಆಹಾರ ನೆರವು ಪಡೆಯುವ ಮನೆಯ ಮಕ್ಕಳು, ಟ್ಯಾನ್ಫ್ ಎಂಬ ನಗದು ನೆರವಿನ ಮನೆಯವರು, ಫಾಸ್ಟರ್ ಆರೈಕೆಯಲ್ಲಿರುವವರು (ಹೆತ್ತವರ ಬದಲು ಬೇರೆಯವರ ಪಾಲನೆಯಲ್ಲಿರುವ ಮಕ್ಕಳು), ಮನೆಯಿಲ್ಲದವರು, ವಲಸೆ ಕೃಷಿ ಕಾರ್ಮಿಕರ ಮಕ್ಕಳು ಇದರೊಳಗೆ ಬರುತ್ತಾರೆ. ಮೆಡಿಕೇಡ್ ಎಂಬ ಬಡವರ ಆರೋಗ್ಯ ವಿಮೆಯ ದತ್ತಾಂಶ ಬಳಸುವ ರಾಜ್ಯಗಳಲ್ಲಿ ಅದರಿಂದ ಉಚಿತ ದರ್ಜೆಗೆ ಅರ್ಹರಾದವರೂ ಸೇರುತ್ತಾರೆ. ಕಡಿಮೆ ಬೆಲೆಗೆ ಊಟ ಪಡೆಯುವ ರಿಯಾಯಿತಿ ದರ್ಜೆಯವರು ಸೇರುವುದಿಲ್ಲ. ಯೋಜನೆಗೆ ಸೇರಲು ಬೇಕಾದ ಕನಿಷ್ಠ ಐಎಸ್‌ಪಿ ಮೊದಲು ಶೇ 40 ಇತ್ತು, 2023ರ ಅಕ್ಟೋಬರ್‌ನಿಂದ ಶೇ 25ಕ್ಕೆ ಇಳಿದಿದೆ. ಇಲ್ಲೇ ಹಲವರು ಎಡವುತ್ತಾರೆ. ಸೇರುವ ಅರ್ಹತೆ ಇಳಿದಿದೆಯೇ ಹೊರತು ಹಣ ಲೆಕ್ಕ ಹಾಕುವ ಸೂತ್ರ ಬದಲಾಗಿಲ್ಲ.

ಸೂತ್ರ ಇಷ್ಟೇ: ಐಎಸ್‌ಪಿಯನ್ನು 1.6ರಿಂದ ಗುಣಿಸಿ. ಬಂದಷ್ಟು ಶೇಕಡಾ ಊಟಕ್ಕೆ ಕೇಂದ್ರದ ‘ಉಚಿತ’ ದರ ಸಿಗುತ್ತದೆ, ಉಳಿದದ್ದಕ್ಕೆ ‘ಪಾವತಿ’ ದರ, ಅಂದರೆ ಬೆಲೆ ಕೊಟ್ಟು ತಿನ್ನುವ ಮಗುವಿನ ಊಟಕ್ಕೆ ಕೇಂದ್ರ ಕೊಡುವ ಚಿಕ್ಕ ದರ. ಈ ದರಗಳು ಪ್ರತಿ ವರ್ಷ ಪರಿಷ್ಕರಣೆಯಾಗುತ್ತವೆ. ಲೆಕ್ಕಕ್ಕೆ ಸುಲಭವಾಗಲೆಂದು ಉಚಿತ ಊಟಕ್ಕೆ 4.50 ಡಾಲರ್, ಪಾವತಿ ಊಟಕ್ಕೆ 0.45 ಡಾಲರ್ ಎಂದಿಟ್ಟುಕೊಳ್ಳಿ. ಐಎಸ್‌ಪಿ 45 ಇದ್ದರೆ 72 ಊಟಕ್ಕೆ ದೊಡ್ಡ ದರ, 28ಕ್ಕೆ ಚಿಕ್ಕ ದರ. ಸರಾಸರಿ ಊಟಕ್ಕೆ ಸುಮಾರು 3.37 ಡಾಲರ್. ಐಎಸ್‌ಪಿ 55 ಇದ್ದರೆ ಅದೇ 4.01 ಆಗುತ್ತದೆ. 62.5 ಮುಟ್ಟಿತೆಂದರೆ ಎಲ್ಲ ಊಟಕ್ಕೂ ಪೂರ್ತಿ ದರ.

ಈಗ ಖರ್ಚಿನ ಕಡೆ. ಸಾವಿರ ಮಕ್ಕಳ ಶಾಲೆಯಲ್ಲಿ ದಿನಕ್ಕೆ 550 ಊಟ ಹೋಗುತ್ತಿದೆ, ಒಂದಕ್ಕೆ 4.20 ಡಾಲರ್ ತಗಲುತ್ತಿದೆ ಅನ್ನಿ. ಅದರಲ್ಲಿ 1.90 ಪದಾರ್ಥಕ್ಕೆ, ಉಳಿದ 2.30 ಸಂಬಳ, ಸಲಕರಣೆ ಇತ್ಯಾದಿಗೆ. ಊಟ ಉಚಿತವಾದ ಮೇಲೆ ತಿನ್ನುವವರು 700 ಆದರೆ, ಅದೇ ಸಿಬ್ಬಂದಿ ನಿಭಾಯಿಸುವಂತಿದ್ದರೆ, ಒಂದು ಊಟದ ಖರ್ಚು 3.71ಕ್ಕೆ ಇಳಿಯುತ್ತದೆ. ಐಎಸ್‌ಪಿ 45ರ ಶಾಲೆಗೆ ಆಗಲೂ ಊಟಕ್ಕೆ 34 ಸೆಂಟ್ ಕೊರತೆ. 180 ದಿನಕ್ಕೆ ಸುಮಾರು 43 ಸಾವಿರ ಡಾಲರ್. ಐಎಸ್‌ಪಿ 50 ದಾಟಿದರೆ ಸರಿಗೆ ಸರಿ. ಮೇಲೆ ಶೇ 50 ಅಂದದ್ದು ಈ ಲೆಕ್ಕದಿಂದ. ನಿಮ್ಮ ಡಿಸ್ಟ್ರಿಕ್ಟಿನ ಸಂಬಳ, ಸಾಮಾನಿನ ಬೆಲೆ ಹಾಕಿ ನೋಡಿದರೆ ಗೆರೆ ಸ್ವಲ್ಪ ಮೇಲೆ ಕೆಳಗೆ ಆಗಬಹುದು. ತಿನ್ನುವವರು ಹೆಚ್ಚದಿದ್ದರಂತೂ ಲೆಕ್ಕವೇ ಕೆಡುತ್ತದೆ. ಆದ್ದರಿಂದ ರುಚಿಯೂ ಹಣಕಾಸಿನ ವಿಷಯವೇ. ಬೇಯದ ಅನ್ನ, ಒಣಗಿದ ಪಿಜ್ಜಾ ಕೊಟ್ಟರೆ ಪುಕ್ಕಟೆ ಇದ್ದರೂ ಮಕ್ಕಳು ಮುಟ್ಟುವುದಿಲ್ಲ.

ಒಂದೊಂದೇ ಶಾಲೆ ಸೇರಬೇಕೆಂದಿಲ್ಲ, ಶಾಲೆಗಳ ಗುಂಪು ಮಾಡಬಹುದು. ಜಾಣತನಕ್ಕೆ ಹೆಚ್ಚು ಜಾಗವಿರುವುದು ಇಲ್ಲೇ. 600 ಮಕ್ಕಳ ಶಾಲೆಯಲ್ಲಿ 390 ಜನ ಗುರುತಾಗಿದ್ದಾರೆ, ಅಂದರೆ ಶೇ 65. 400 ಮಕ್ಕಳ ಇನ್ನೊಂದು ಶಾಲೆಯಲ್ಲಿ 100, ಅಂದರೆ ಶೇ 25. ಇವೆರಡರ ಸರಾಸರಿ 45 ಎಂದು ಬರೆದವರು ತಪ್ಪು ಮಾಡಿದರು. ಕೂಡಿಸಬೇಕಾದದ್ದು ಮಕ್ಕಳನ್ನು: ಸಾವಿರಕ್ಕೆ 490, ಅಂದರೆ ಶೇ 49. ಜೊತೆಗೆ, ಮೊದಲ ಶಾಲೆ ಒಂಟಿಯಾಗಿದ್ದರೆ 62.5ರ ಮೇಲಿನ ಪಾಲು ವ್ಯರ್ಥ. ಗುಂಪಿನಲ್ಲಿ ಆ ಹೆಚ್ಚುವರಿ ಎರಡನೇ ಶಾಲೆಗೆ ದಕ್ಕುತ್ತದೆ.

ತಯಾರಿಯ ಕೆಲಸ ಚಳಿಗಾಲದಲ್ಲೇ ಶುರುವಾಗಬೇಕು. ಏಕೆಂದರೆ ಲೆಕ್ಕಕ್ಕೆ ಹಿಡಿಯುವುದು ಏಪ್ರಿಲ್ 1ರ ಸ್ಥಿತಿ, ಸೇರುವ ನಿರ್ಧಾರ ತಿಳಿಸಲು ಮಾಮೂಲಿ ಗಡುವು ಜೂನ್ 30. ರಾಜ್ಯದ ಪಟ್ಟಿಗೂ ಶಾಲೆಯ ದಾಖಲಾತಿಗೂ ಹೆಸರು ತಾಳೆಯಾಗದೆ ಕೈಬಿಟ್ಟ ಮಕ್ಕಳು ಎಲ್ಲ ಕಡೆ ಇರುತ್ತಾರೆ. ಎರಡು ಮನೆತನದ ಹೆಸರು, ನಡುವಿನ ಗೆರೆ, ಇನಿಷಿಯಲ್, ಜನ್ಮದಿನದಲ್ಲಿ ತಿಂಗಳು ದಿನ ಅದಲುಬದಲು, ಇವೇ ಕಾರಣ. ತಾಳೆಯಾಗದ ಪಟ್ಟಿಯನ್ನು ಒಬ್ಬರು ಕೂತು ಕೈಯಾರೆ ನೋಡಬೇಕು. ಆಮೇಲೆ ಒಡಹುಟ್ಟಿದವರು: ಒಂದು ಮಗು ಸ್ನ್ಯಾಪ್ ಪಟ್ಟಿಯಲ್ಲಿದ್ದರೆ ಅದೇ ಮನೆಯ ಉಳಿದ ಮಕ್ಕಳನ್ನೂ ಎಣಿಸಬಹುದು. ಫಾಸ್ಟರ್ ಮಗುವಿನಿಂದ ಈ ಸೌಲಭ್ಯ ಮನೆಯ ಉಳಿದ ಮಕ್ಕಳಿಗೆ ಹರಡುವುದಿಲ್ಲ. ಭಾಗಿಸುವ ಅಂಕೆಯನ್ನೂ, ಅಂದರೆ ಒಟ್ಟು ಮಕ್ಕಳ ಸಂಖ್ಯೆಯನ್ನೂ ನೋಡಿ: ಶಾಲೆಯಲ್ಲಿ ತಿಂಡಿಯೋ ಊಟವೋ ಸಿಗುವ ಅವಕಾಶವೇ ಇಲ್ಲದ ಅರ್ಧ ದಿನದ ಮಕ್ಕಳನ್ನು ಒಟ್ಟು ಸಂಖ್ಯೆಯಲ್ಲಿ ಸೇರಿಸಬಾರದು. ಈ ಮೂರೇ ಕೆಲಸ ನೆಟ್ಟಗೆ ಮಾಡಿದರೆ ಐಎಸ್‌ಪಿ ಮೇಲೇಳುವುದಕ್ಕೆ ಅವಕಾಶವಿದೆ. ಒಂದು ಅಂಕ ಏರಿದರೂ ಅದು 1.6 ಪಟ್ಟಾಗಿ ನಾಲ್ಕು ವರ್ಷ ಹಣ ತರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಸಂಖ್ಯೆ ಇನ್ನೂ ಚೆನ್ನಾಗಿದ್ದರೆ ಹೊಸ ಅವಧಿ ಶುರು ಮಾಡಬಹುದು. ಇಳಿದಿದ್ದರೆ ನಾಲ್ಕು ವರ್ಷ ಮುಗಿಯುವವರೆಗೆ ಹಳೆಯದೇ ಇರುತ್ತದೆ. 2025ರ ಜುಲೈನ ಕಾನೂನು ಸ್ನ್ಯಾಪ್ ಮತ್ತು ಮೆಡಿಕೇಡ್ ನಿಯಮ ಬಿಗಿ ಮಾಡಿರುವುದರಿಂದ ಈ ಪಟ್ಟಿಗಳೇ ಸಣ್ಣದಾಗುವ ಭಯವಿದೆ. ಹಾಗಾಗಿ ಈಗ ಒಳ್ಳೆಯ ಸಂಖ್ಯೆ ಇರುವ ಡಿಸ್ಟ್ರಿಕ್ಟ್ ತಡಮಾಡಬಾರದು.

ಶ್ರೀಮಂತರ ಮಕ್ಕಳಿಗೂ ಯಾಕೆ ಪುಕ್ಕಟೆ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಹಳೆಯ ಪದ್ಧತಿಯನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಬಡತನ ರೇಖೆಯ ಶೇ 130ರೊಳಗಿನ ಆದಾಯದವರಿಗೆ ಉಚಿತ, 185ರವರೆಗೆ ರಿಯಾಯಿತಿ, ಊಟಕ್ಕೆ ಹೆಚ್ಚೆಂದರೆ 40 ಸೆಂಟ್. 185ಕ್ಕಿಂತ ಒಂದು ಡಾಲರ್ ಹೆಚ್ಚಿದ್ದವರಿಗೆ ಪೂರ್ತಿ ಬೆಲೆ. ಅರ್ಜಿ ತುಂಬಲು ನಾಚುವವರು, ಭಾಷೆ ಬಾರದವರು, ಕಾಗದ ಕಂಡರೆ ಹೆದರುವ ವಲಸಿಗರು ಹೊರಗೇ ಉಳಿಯುತ್ತಾರೆ. ಖಾತೆಯಲ್ಲಿ ಹಣವಿಲ್ಲದ ಮಗು ಟ್ರೇ ಹಿಡಿದು ಕ್ಯಾಷಿಯರ್ ಎದುರು ಬಂದಾಗ ಬಿಸಿ ಊಟ ಕಿತ್ತುಕೊಂಡು ಕಸದ ಡಬ್ಬಿಗೆ ಹಾಕಿ, ತಣ್ಣನೆಯ ಚೀಸ್ ಸ್ಯಾಂಡ್‌ವಿಚ್ ಕೊಟ್ಟ ಶಾಲೆಗಳಿವೆ. ಆ ಊಟ ಕಸಕ್ಕೆ ಹೋದದ್ದರಿಂದ ಶಾಲೆಗೆ ಒಂದು ಸೆಂಟೂ ಉಳಿಯಲಿಲ್ಲ. ಇಂಥ ಅವಮಾನವನ್ನು 2017ರಲ್ಲಿ ನ್ಯೂ ಮೆಕ್ಸಿಕೊ ಕಾನೂನು ಮಾಡಿ ತಡೆಯಿತು. ಎಲ್ಲರಿಗೂ ಉಚಿತವಾದರೆ ಈ ದೃಶ್ಯವೇ ಇರುವುದಿಲ್ಲ. ನಮಗೆ ಇದು ಉಳಿದೆಲ್ಲ ವಾದಗಳಿಗಿಂತ ದೊಡ್ಡದು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಬಿಸಿಯೂಟದ ಸಾಲಿನಲ್ಲಿ ಕೂತ ಮಗುವಿಗೆ ಯಾರೂ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ ಎಂಬುದು ನಿಜ. ಆದರೂ ಆ ಸಾಲಿನೊಳಗೆ ಮೇಲು ಕೀಳಿನ ಎರಡು ರಶೀದಿ ಇಲ್ಲ.

ಸೇರಿದ ಮೇಲೆ ಕೆಡುವ ಸಂಗತಿಗಳೂ ಇವೆ. ಊಟದ ಅರ್ಜಿ ಹೋದ ಕೂಡಲೇ ಆ ಅರ್ಜಿಯ ಅಂಕಿಗಳನ್ನು ನೆಚ್ಚಿಕೊಂಡಿದ್ದ ಬೇರೆ ಅನುದಾನಗಳ ಲೆಕ್ಕ ಅಲ್ಲಾಡುತ್ತದೆ. ಹಲವು ರಾಜ್ಯಗಳಲ್ಲಿ ಅದಕ್ಕೆಂದೇ ಬೇರೆ ಆದಾಯ ಫಾರಂ ತುಂಬಿಸಬೇಕು, ಅದರ ಖರ್ಚನ್ನು ಊಟದ ಖಾತೆಯಿಂದ ತೆಗೆಯುವಂತಿಲ್ಲ. ಊಟ ಪುಕ್ಕಟೆ ಅಂತ ಪೋಷಕರು ಆ ಫಾರಂ ಬದಿಗಿಟ್ಟುಬಿಡುತ್ತಾರೆ; ದಯವಿಟ್ಟು ತುಂಬಿ ಕೊಡಿ, ನಿಮ್ಮ ಶಾಲೆಯ ಹಣವೇ ಅದರಲ್ಲಿದೆ. ಹಳೆಯ ಊಟದ ಬಾಕಿಯೂ ತಾನಾಗಿ ಮನ್ನಾ ಆಗುವುದಿಲ್ಲ. ಸಾಲು ಉದ್ದವಾಗುತ್ತದೆ. 20 ನಿಮಿಷದ ಬಿಡುವಿನಲ್ಲಿ 12 ನಿಮಿಷ ಸಾಲಿನಲ್ಲೇ ಕಳೆದರೆ ಊಟ ಅರ್ಧಕ್ಕೆ ನಿಂತು ಕಸಕ್ಕೆ ಹೋಗುತ್ತದೆ. ಎರಡನೇ ಕೌಂಟರ್ ತೆರೆಯುವುದು ಇದಕ್ಕೆ ನೇರ ಪರಿಹಾರ. ಇನ್ನು ಮುಂದೆ ಯಾವ ಮಗು ಯಾವ ದರ್ಜೆ ಎಂದು ನೋಡಬೇಕಿಲ್ಲ, ಊಟಗಳನ್ನು ಎಣಿಸಿದರೆ ಸಾಕು.

ಎಣಿಕೆಗೆ ಬರಲು ಟ್ರೇಯಲ್ಲಿ ಏನಿರಬೇಕು ಎಂಬುದು ಮಕ್ಕಳಿಗೂ ಗೊತ್ತಿರಲಿ. ಧಾನ್ಯ, ಪ್ರೋಟೀನ್ ಪದಾರ್ಥ, ತರಕಾರಿ, ಹಣ್ಣು, ಹಾಲು, ಈ ಐದರಲ್ಲಿ ಮೂರನ್ನಾದರೂ ತೆಗೆದುಕೊಳ್ಳಬೇಕು, ಅದರಲ್ಲಿ ಅರ್ಧ ಕಪ್ ಹಣ್ಣೋ ತರಕಾರಿಯೋ ಇರಲೇಬೇಕು. ಮನೆಯಿಂದ ಡಬ್ಬಿ ತಂದು ಬರೀ ಹಾಲು ತೆಗೆದುಕೊಂಡ ಮಗುವಿಗೆ ದುಡ್ಡು ಬೀಳುತ್ತದೆ. ಎರಡನೇ ಊಟಕ್ಕೂ ಅಷ್ಟೇ.

ಸಸ್ಯಾಹಾರಿ ಮನೆಗಳ ದೃಷ್ಟಿಯಿಂದ ಸೇವೆಗೆ ಪೂರ್ತಿ ಅಂಕ ಕೊಡಲಾಗದು. ವೈದ್ಯಕೀಯ ಕಾರಣಕ್ಕೆ ಪತ್ರ ಕೊಟ್ಟರೆ ಬದಲಿ ಊಟ ಕೊಡುವುದು ಕಡ್ಡಾಯ. ಧರ್ಮ ಅಥವಾ ರೂಢಿಯ ಕಾರಣಕ್ಕೆ ಕೇಳಿದರೆ ಕೊಡುವುದು ಶಾಲೆಯ ಇಷ್ಟ. ಬೀನ್ಸ್, ಮೊಸರು, ಟೋಫು, ಚೀಸ್ ಎಲ್ಲವನ್ನೂ ಪ್ರೋಟೀನ್ ಆಗಿ ಲೆಕ್ಕಕ್ಕೆ ಹಿಡಿಯಲು ನಿಯಮದಲ್ಲಿ ಅವಕಾಶವಿದೆ, ಆದರೂ ವಾರಕ್ಕೆ ಮೂರು ದಿನ ಚೀಸ್ ಪಿಜ್ಜಾ ಕೊಟ್ಟು ಕೈತೊಳೆದುಕೊಳ್ಳುವ ಅಡುಗೆಮನೆಗಳಿವೆ. ಮೊಸರಿನ ಕಪ್ಪಿನಲ್ಲಿ ಜೆಲಾಟಿನ್ ಇದೆಯೇ ಎಂದು ಪದಾರ್ಥಗಳ ಪಟ್ಟಿ ಕೇಳಿ ನೋಡಿ. ಮೆನು ಮಾಡುವವರ ಮುಂದೆ ಇನ್ನಷ್ಟು ಸಸ್ಯಾಹಾರ ಕೊಡಿ ಎಂದು ಸುಮ್ಮನೆ ಹೇಳಬೇಡಿ. ವಾರಕ್ಕೆ ಎರಡು ದಿನ ರಾಜ್ಮಾ ಮತ್ತು ಅನ್ನ ಮಾಡಿ, ನಮ್ಮ ಶಾಲೆಯಿಂದ ಇಷ್ಟು ಮಕ್ಕಳು ತಿನ್ನುತ್ತಾರೆ ಎಂದು ಸಂಖ್ಯೆ ಕೊಡಿ. ಊಟ ಹೆಚ್ಚಿದಷ್ಟೂ ಅವರಿಗೆ ಹಣ ಬರುವುದರಿಂದ ಆ ಮಾತಿಗೆ ಬೆಲೆ ಬರುತ್ತದೆ.

ಕ್ಯಾಲಿಫೋರ್ನಿಯಾ, ಮೇನ್, ಮಿನೆಸೋಟ, ಮಿಷಿಗನ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ರಾಜ್ಯದ ಹಣವೇ ಕೊರತೆ ತುಂಬುತ್ತದೆ. 2025-26ರಿಂದ ನ್ಯೂಯಾರ್ಕ್ ಕೂಡ ಆ ಸಾಲಿಗೆ ಸೇರಿದೆ. ಅಲ್ಲಿಯ ಡಿಸ್ಟ್ರಿಕ್ಟ್‌ಗಳು ಎಲ್ಲರಿಗೂ ಕೊಡಬೇಕೇ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ, ಐಎಸ್‌ಪಿಯನ್ನು ಸರಿಯಾಗಿ ಎಣಿಸಿ ಕೇಂದ್ರದ ಪಾಲನ್ನು ಪೂರ್ತಿ ಪಡೆದರೆ ಸಾಕು. ಟೆಕ್ಸಸ್‌ನಲ್ಲಿರುವವರಿಗೆ ಆ ಆಸರೆ ಇಲ್ಲ. ಅಂಥಲ್ಲಿ ಬೋರ್ಡ್ ಸಭೆಗೆ ಹೋಗುವವರು ಮೂರು ಸಂಖ್ಯೆ ಕೇಳಿ ಪಡೆಯಿರಿ: ಶಾಲೆವಾರು ಐಎಸ್‌ಪಿ, ಒಂದು ಊಟದ ನಿಜ ಖರ್ಚು, ಈಗ ದಿನಕ್ಕೆ ಎಷ್ಟು ಮಕ್ಕಳು ಶಾಲೆಯಲ್ಲಿ ಉಣ್ಣುತ್ತಾರೆ. ಇಡೀ ಡಿಸ್ಟ್ರಿಕ್ಟಿಗೆ ಲೆಕ್ಕ ಕೂಡದಿದ್ದರೂ ಕೂಡುವ ಶಾಲೆಗಳ ಗುಂಪನ್ನು ಈ ವರ್ಷವೇ ಸೇರಿಸಿ ಎಂದು ಪಟ್ಟು ಹಿಡಿಯಿರಿ.