‘ಏಸ್’ ಪದವನ್ನು ಒರೆಗಲ್ಲಾಗಿಟ್ಟು ನೋಡಿದ ಒಂದು ನಿಘಂಟು ಸೇವೆ

ಅಂತರ್ಜಾಲದ ಒಂದು ಇಂಗ್ಲಿಷ್–ಕನ್ನಡ ನಿಘಂಟು ಸೇವೆಯನ್ನು ಕೆಲವು ತಿಂಗಳುಗಳಿಂದ ಅನುವಾದದ ಕೆಲಸಕ್ಕೆ ಬಳಸುತ್ತಿದ್ದೇನೆ. ಹುಡುಕಾಟ ಚುರುಕಾಗಿದೆ, ಉಚ್ಚಾರಣೆಯ ಧ್ವನಿ ಸ್ಪಷ್ಟವಾಗಿದೆ. ಆದರೆ ನಿಘಂಟಿನ ಕಸುವು ತಿಳಿಯುವುದು ಕವಲೊಡೆದ ಪದಗಳಲ್ಲಿ ಎಂದು ನಾನು ನಂಬಿರುವುದರಿಂದ, ಟೆನಿಸ್ ಅಂಕಣದಲ್ಲೂ ಯುದ್ಧವಿಮಾನದ ಕಥನದಲ್ಲೂ ಕೇಳಿಬರುವ ‘ಏಸ್’ ಪದವನ್ನು ಪರೀಕ್ಷೆಗೆ ಆರಿಸಿಕೊಂಡೆ.

ಪದಮೂಲದ ಭಾಗವನ್ನು ಮೆಚ್ಚಲೇಬೇಕು. ಲ್ಯಾಟಿನ್ನಿನಲ್ಲಿ ಒಂದು ಘಟಕಕ್ಕೂ ರೋಮನ್ನರ ತಾಮ್ರದ ನಾಣ್ಯಕ್ಕೂ ಇದ್ದ ‘ಆಸ್’ ಎಂಬ ಹೆಸರು, ಹಳೆಯ ಫ್ರೆಂಚಿನಲ್ಲಿ ದಾಳದ ಒಂಟಿ ಚುಕ್ಕೆಯ ಮುಖಕ್ಕೆ ಸಂದು, ಅಲ್ಲಿಂದ ಇಂಗ್ಲಿಷಿಗೆ ಬಂದ ದಾರಿಯನ್ನು ಅದು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ದಾಳದಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದಾಗಿದ್ದ ಈ ‘ಒಂದು’ ಇಸ್ಪೀಟಿನ ಹಲವು ಆಟಗಳಲ್ಲಿ ರಾಜನನ್ನೂ ಮೀರಿಸುವ ಎಲೆಯಾಯಿತು. ಆ ಎಲೆಗೆ ಕನ್ನಡದಲ್ಲಿರುವ ‘ಎಕ್ಕ’ ಎಂಬ ಹೆಸರೂ ‘ಏಕ’ದ ಸಂತಾನವೇ ಎಂಬ ಟಿಪ್ಪಣಿಯನ್ನು ಅಲ್ಲಿ ಕಂಡಾಗ ನಿಜಕ್ಕೂ ಸಂತೋಷವಾಯಿತು.

ತೊಡಕಿರುವುದು ಅರ್ಥಗಳ ವಿಂಗಡಣೆಯಲ್ಲಿ. ಟೆನಿಸ್ಸಿನ ಅರ್ಥವನ್ನೂ ವಿಮಾನದ ಅರ್ಥವನ್ನೂ ಒಂದೇ ಸಂಖ್ಯೆಯಡಿ ಇಟ್ಟಿರುವುದರಿಂದ, ಒಂದು ಮತ್ತೊಂದರಿಂದ ಹುಟ್ಟಿತೆಂಬ ತಪ್ಪು ಕಲ್ಪನೆ ಬರುತ್ತದೆ. ಎದುರಾಳಿಯ ರಾಕೆಟ್ಟಿಗೆ ತಾಗದೆ ಹೋಗುವ ಸರ್ವ್ ತರುವ ಒಂದು ಅಂಕದಲ್ಲಿಯೂ, ಗಾಲ್ಫಿನಲ್ಲಿ ಒಂದೇ ಹೊಡೆತಕ್ಕೆ ಚೆಂಡು ಕುಳಿ ಸೇರುವುದರಲ್ಲಿಯೂ ಉಳಿದಿರುವುದು ‘ಒಂದು’ ಎಂಬ ಹಳೆಯ ಅರ್ಥ. ವಿಮಾನದ ಏಸ್ ಹುಟ್ಟಿದ್ದು ಇಸ್ಪೀಟಿನ ಹಿರಿಯ ಎಲೆಯಿಂದ. 1913ರಲ್ಲಿಯೇ ಆಕಾಶದಲ್ಲಿ ವಿಮಾನವನ್ನು ಸುತ್ತು ಹೊಡೆಸಿ ಹೆಸರಾಗಿದ್ದ ಫ್ರೆಂಚ್ ವಿಮಾನಚಾಲಕ ಅಡಾಲ್ಫ್ ಪೇಗೂ 1915ರಲ್ಲಿ ಶತ್ರು ವಿಮಾನಗಳನ್ನು ಒಂದರ ಹಿಂದೊಂದು ಉರುಳಿಸಿದಾಗ ಫ್ರೆಂಚ್ ಪತ್ರಿಕೆಗಳು ಅವನನ್ನು ‘ಆಸ್’ ಎಂದು ಕೊಂಡಾಡಿದವು. ಕನಿಷ್ಠ 5 ವಿಮಾನಗಳನ್ನು ಉರುಳಿಸಿದವನಿಗೆ ಈ ಹೆಸರು ಸಲ್ಲುತ್ತದೆ ಎಂಬ ರೂಢಿ ಮುಂದೆ ನೆಲೆನಿಂತಿತು. ಇಷ್ಟು ಖಚಿತವಾದ ಪದಕ್ಕೆ ಈ ನಿಘಂಟು ‘ನಿಪುಣ ವಿಮಾನಚಾಲಕ’ ಎಂದಷ್ಟೇ ಬರೆದಿದೆ. ಅದನ್ನು ನಂಬಿದ ಅನುವಾದಕ, ಮೊದಲ ಮಹಾಯುದ್ಧದಲ್ಲಿ 80 ವಿಮಾನಗಳನ್ನು ಉರುಳಿಸಿದ ಜರ್ಮನಿಯ ರಿಕ್ಟ್‌ಹೋಫೆನ್‌ನನ್ನೂ ಪ್ರಯಾಣಿಕರನ್ನು ಸುರಕ್ಷಿತವಾಗಿ ಇಳಿಸುವ ಅನುಭವಿ ಪೈಲಟನ್ನೂ ಒಂದೇ ಮಾತಿನಲ್ಲಿ ಕರೆದುಬಿಡುತ್ತಾನೆ.

ಕ್ರೀಡಾಪುಟಗಳ ‘ಏಸ್ ಬೌಲರ್’ ಎಂಬ ಪ್ರಯೋಗವೂ ‘ಒಂದು ಅಂಕ’ದ ಕವಲಿಗೆ ಸೇರದೆ, ಹಿರಿಯ ಎಲೆಯ ಕವಲಿಗೆ ಸೇರುತ್ತದೆ. ಪದಮೂಲ ತಿಳಿಯಲು ಈ ಸೇವೆಯನ್ನು ಧಾರಾಳವಾಗಿ ಬಳಸಬಹುದು. ಎರಡು ಕವಲುಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟು, 5 ವಿಮಾನಗಳ ರೂಢಿಯನ್ನು ಒಂದು ಸಾಲಿನಲ್ಲಿ ಸೇರಿಸುವವರೆಗೆ ಅದರ ಅರ್ಥಪಟ್ಟಿಯನ್ನು ಮಾತ್ರ ಇನ್ನೊಂದು ನಿಘಂಟಿನೊಡನೆ ತಾಳೆ ನೋಡಿಯೇ ಬಳಸಬೇಕು.